ಸಂಶೋಧನೆಯನ್ನು ವಾರ್ಡಿಗೆ ತರುವ ಬಗೆ: ಕೊಡಗಿನ ಶುಶ್ರೂಷಾಧಿಕಾರಿಗಳಿಗೆ ಒಂದು ಮಾರ್ಗದರ್ಶಿ

ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಬಳಿ ಅತಿ ಹೆಚ್ಚು ಹೊತ್ತು ಇರುವವರು ಶುಶ್ರೂಷಾಧಿಕಾರಿಗಳು. ಮಡಿಕೇರಿಯ ಬೋಧಕ ಆಸ್ಪತ್ರೆಯಾಗಲಿ, ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗಳಾಗಲಿ, ನಾಪೋಕ್ಲು, ಶನಿವಾರಸಂತೆ ಕಡೆಯ ಆರೋಗ್ಯ ಕೇಂದ್ರಗಳಾಗಲಿ, ಈ ಮಾತು ಎಲ್ಲೆಡೆಯೂ ನಿಜ. ಹೀಗಿದ್ದರೂ ಶುಶ್ರೂಷೆಯ ಕುರಿತು ಜಗತ್ತಿನಲ್ಲಿ ನಡೆಯುವ ಸಂಶೋಧನೆ ನಮ್ಮ ವಾರ್ಡುಗಳನ್ನು ಬಹಳ ತಡವಾಗಿ, ಅದೂ ಯಾರದೋ ಸುತ್ತೋಲೆಯ ರೂಪದಲ್ಲಿ ಮುಟ್ಟುತ್ತದೆ. ಬಿ.ಎಸ್ಸಿ. ನರ್ಸಿಂಗ್ ಓದುವಾಗ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಒಂದು ಪಠ್ಯ ವಿಷಯವಾಗಿರುತ್ತದೆ. ಒಂದು ಕಿರು ಅಧ್ಯಯನ ಮಾಡಿ, ಬೈಂಡ್ ಹಾಕಿಸಿ ಒಪ್ಪಿಸಿದ ಮೇಲೆ ಆ ವಿಷಯಕ್ಕೂ ನಮಗೂ ಇದ್ದ ನಂಟು ಬಹುಮಟ್ಟಿಗೆ ಕಡಿದುಹೋಗುತ್ತದೆ. ಆ ನಂಟನ್ನು ಕೆಲಸದ ನಡುವೆಯೇ ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಂಶೋಧನೆಯ ಯಾವ ಫಲಿತಾಂಶವೂ ತಾನೊಂದೇ ನಿಂತಿರುವುದಿಲ್ಲ. ಆ ಫಲಿತಾಂಶ ಬರಲು ಅಲ್ಲಿ ಕೆಲವು ಷರತ್ತುಗಳು ಪೂರೈಕೆಯಾಗಿದ್ದವು: ಇಂತಹ ಹಾಸಿಗೆ, ಇಷ್ಟು ಸಿಬ್ಬಂದಿ, ಇಷ್ಟು ಗಂಟೆಗಳ ಆರೈಕೆ, ಇಂತಹ ರೋಗಿಗಳು. ಫಲಿತಾಂಶವನ್ನು ಮಾತ್ರ ತಂದು ಷರತ್ತನ್ನು ಅಲ್ಲೇ ಬಿಟ್ಟರೆ ನಮ್ಮ ರೋಗಿಗೆ ಸಿಗುವುದು ಸಂಶೋಧನೆಯ ಹೆಸರು ಮಾತ್ರ. ಈ ಷರತ್ತನ್ನು ಗುರುತಿಸಿ, ಅದು ನಮ್ಮಲ್ಲಿದೆಯೇ ಎಂದು ನೋಡುವ ಕೆಲಸವನ್ನು ವಾರ್ಡಿನ ಒಳಹೊರಗು ಬಲ್ಲ ಶುಶ್ರೂಷಾಧಿಕಾರಿಯಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 1: ಪ್ರಶ್ನೆಯನ್ನು ವಾರ್ಡಿನಿಂದಲೇ ಎತ್ತಿಕೊಳ್ಳಿ

ಸಂಶೋಧನೆ ಎಂದ ಕೂಡಲೇ ದೊಡ್ಡ ವಿಷಯ ಬೇಕು ಎಂದುಕೊಳ್ಳುವುದು ಬೇಡ. ಪ್ರತಿದಿನ ಕೈಯಿಂದ ಮಾಡುವ ಯಾವುದಾದರೂ ಒಂದು ಕೆಲಸವನ್ನು ಆರಿಸಿಕೊಂಡು, ಇದನ್ನು ಹೀಗೆಯೇ ಏಕೆ ಮಾಡುತ್ತಿದ್ದೇವೆ ಎಂದು ಕೇಳಿಕೊಂಡರೆ ಸಾಕು. ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚಿದ ಸಣ್ಣ ನಳಿಕೆಯನ್ನು, ಅಂದರೆ ಕ್ಯಾನುಲಾವನ್ನು, ಮೂರು ದಿನವಾಯಿತೆಂಬ ಒಂದೇ ಕಾರಣಕ್ಕೆ ತೆಗೆದು, ಇನ್ನೊಂದು ಕೈಗೆ ಹೊಸದಾಗಿ ಚುಚ್ಚುವ ರೂಢಿ ಅನೇಕ ಕಡೆ ಇದೆ. ವಯಸ್ಸಾದ ರೋಗಿಯ ರಕ್ತನಾಳ ಸಿಗದೆ ಎರಡು ಮೂರು ಸಲ ಚುಚ್ಚಬೇಕಾಗಿ ಬಂದಾಗ, ಹಳೆಯದು ಚೆನ್ನಾಗಿಯೇ ಇತ್ತಲ್ಲ ಎಂಬ ಮಾತು ರೋಗಿಯ ಬಾಯಿಂದಲೂ ನಮ್ಮ ಮನಸ್ಸಿನಿಂದಲೂ ಬರುತ್ತದೆ. ಒಳ್ಳೆಯ ಪ್ರಶ್ನೆಯೊಂದು ಅಲ್ಲಿಯೇ ಇದೆ. ಈ ಲೇಖನದುದ್ದಕ್ಕೂ ಇದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪ್ರಶ್ನೆಯಲ್ಲಿ ನಾಲ್ಕು ಭಾಗಗಳು ಇರುವಂತೆ ಬರೆದುಕೊಳ್ಳಿ: ಯಾವ ರೋಗಿಗಳು, ಏನು ಮಾಡುತ್ತೇವೆ, ಅದನ್ನು ಯಾವುದಕ್ಕೆ ಹೋಲಿಸುತ್ತೇವೆ, ಯಾವ ಪರಿಣಾಮವನ್ನು ನೋಡುತ್ತೇವೆ. ನಮ್ಮ ಉದಾಹರಣೆಯಲ್ಲಿ ಅದು ಹೀಗಾಗುತ್ತದೆ: ವಾರ್ಡಿನಲ್ಲಿರುವ ವಯಸ್ಕ ರೋಗಿಗಳಲ್ಲಿ, ನೋವು, ಕೆಂಪು, ಊತ ಅಥವಾ ಸೋರಿಕೆ ಕಂಡಾಗ ಮಾತ್ರ ಕ್ಯಾನುಲಾ ಬದಲಿಸುವುದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಡ್ಡಾಯವಾಗಿ ಬದಲಿಸುವುದಕ್ಕೆ ಹೋಲಿಸಿದರೆ, ರಕ್ತನಾಳದ ಉರಿಯೂತವೂ ಸೋಂಕೂ ಹೆಚ್ಚುತ್ತವೆಯೇ? ಇಷ್ಟು ನಿಖರವಾಗಿ ಬರೆದರೆ ಮುಂದಿನ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ಎಲ್ಲ ಸಂದೇಹಗಳಿಗೂ ಹೊಸ ಹುಡುಕಾಟ ಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹಾವು ಕಚ್ಚಿ ಬಂದ ತೋಟದ ಕಾರ್ಮಿಕನ ರಕ್ತವನ್ನು ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟುವುದನ್ನು ನೋಡುವ ಪರೀಕ್ಷೆಗೆ ಒಣಗಿದ, ಶುದ್ಧವಾದ ಗಾಜಿನ ನಳಿಕೆಯೇ ಆಗಬೇಕು, ಪ್ಲಾಸ್ಟಿಕ್ಕಿನದು ಆಗದು, ಸೋಪಿನ ಪುಡಿಯಲ್ಲಿ ತೊಳೆದದ್ದೂ ಆಗದು. ಇದು ಈಗಾಗಲೇ ತಿಳಿದಿರುವ ವಿಷಯ. ಇಂತಹ ಕಡೆ ಹುಡುಕಬೇಕಾದುದು ಉತ್ತರವನ್ನಲ್ಲ, ನಮ್ಮ ತುರ್ತು ಚಿಕಿತ್ಸಾ ಕೊಠಡಿಯ ಕಪಾಟಿನಲ್ಲಿ ಸರಿಯಾದ ನಳಿಕೆ ಇದೆಯೇ ಎಂಬುದನ್ನು.

ಹಂತ 2: ಹುಡುಕಾಟವನ್ನು ಮೇಲಿನಿಂದ ಆರಂಭಿಸಿ

ಒಂದೊಂದೇ ಪ್ರಬಂಧವನ್ನು ಹುಡುಕುತ್ತ ಕುಳಿತರೆ ಪಾಳಿ ಮುಗಿದರೂ ಹುಡುಕಾಟ ಮುಗಿಯದು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ನೋಡಿ. ಅನಂತರ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಗಳಿಗೆ ಹೋಗಿ. 1993ರಲ್ಲಿ ಆರಂಭವಾದ ಈ ಸಂಸ್ಥೆ ಒಂದೇ ಪ್ರಶ್ನೆಯ ಕುರಿತು ನಡೆದ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುತ್ತದೆ, ಅದರ ಸರಳ ಭಾಷೆಯ ಸಾರಾಂಶಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅಲ್ಲಿಯೂ ಸಿಗದಿದ್ದರೆ ವೈದ್ಯಕೀಯ ಪ್ರಬಂಧಗಳ ಉಚಿತ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ. ಕ್ಯಾನುಲಾದ ಪ್ರಶ್ನೆಗೆ ಪೆರಿಫೆರಲ್ ಕ್ಯಾತಿಟರ್, ರೀಪ್ಲೇಸ್‌ಮೆಂಟ್, ಫ್ಲೆಬೈಟಿಸ್ ಎಂಬ ಮೂರು ಪದಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕು.

ಪೂರ್ತಿ ಲೇಖನ ಬೇಕಾದಾಗ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಇದೆಯೇ ಎಂದು ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಸಂಯೋಜಿತ ಕಾಲೇಜುಗಳಿಗಾಗಿ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಜಾಲವನ್ನು ನಡೆಸುತ್ತಿದೆ. ಅಂತಹ ಕಾಲೇಜಿನಲ್ಲಿ ಓದುತ್ತಿರುವ ಅಥವಾ ಕಲಿಸುತ್ತಿರುವ ಸಹೋದ್ಯೋಗಿಯೊಬ್ಬರ ನೆರವು, ಇಲ್ಲವೇ ಕಾಲೇಜಿನ ಗ್ರಂಥಪಾಲಕರ ನೆರವು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಭಾಗಮಂಡಲ, ಕುಟ್ಟ ಕಡೆ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವುದುಂಟು, ಆದುದರಿಂದ ಸಿಕ್ಕ ಲೇಖನವನ್ನು ಆಗಲೇ ಫೋನಿನಲ್ಲಿ ಉಳಿಸಿಕೊಳ್ಳುವುದು ಲೇಸು. ಪ್ರಶ್ನೆ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಬಳಸುವವರು, ಅದು ಹೆಸರಿಸಿದ ಪ್ರಬಂಧ ನಿಜವಾಗಿ ಇದೆಯೇ ಎಂದು ಪಬ್‌ಮೆಡ್‌ನಲ್ಲಿ ನೋಡದೆ ಒಂದು ಸಾಲನ್ನೂ ನಂಬಬಾರದು.

ಹಂತ 3: ವಿಧಾನದ ಭಾಗವನ್ನು ಮೊದಲು ಓದಿ

ಸಾರಾಂಶವನ್ನು ಓದಿ ಮುಗಿಸುವ ಅಭ್ಯಾಸವನ್ನು ಬಿಡಬೇಕು. ಸಾರಾಂಶದಲ್ಲಿ ಫಲಿತಾಂಶ ಸಿಗುತ್ತದೆ. ನಾವು ಹುಡುಕುವ ಷರತ್ತುಗಳು ಸಾಮಾನ್ಯವಾಗಿ ವಿಧಾನದ ಭಾಗದಲ್ಲಿ ಇರುತ್ತವೆ. ರೋಗಿಗಳನ್ನು ಎರಡು ಗುಂಪುಗಳಿಗೆ ಹಂಚುವಾಗ ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಹಂಚಿದ್ದಾರೆಯೇ, ಎಷ್ಟು ಮಂದಿ ರೋಗಿಗಳು, ಯಾರನ್ನು ಹೊರಗಿಟ್ಟರು, ಏನನ್ನು ಅಳೆದರು, ಅಳೆದವರು ಯಾರು ಎಂಬ ಐದು ಪ್ರಶ್ನೆಗಳನ್ನು ಕೇಳುತ್ತ ಓದಿ. ಕಾಸ್ಪ್ (CASP) ಎಂಬ ಹೆಸರಿನ ಉಚಿತ ಪರಿಶೀಲನಾ ಪಟ್ಟಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹೊಸದಾಗಿ ಓದಲು ಆರಂಭಿಸಿದವರಿಗೆ ಅವು ಕೈಹಿಡಿದು ನಡೆಸುತ್ತವೆ.

ಕ್ಯಾನುಲಾದ ಪ್ರಶ್ನೆಗೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಮೂರು ಆಸ್ಪತ್ರೆಗಳಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಮುಖ್ಯ ಆಧಾರ. ಅದನ್ನು ಮುನ್ನಡೆಸಿದವರು ಕ್ಲೇರ್ ರಿಕಾರ್ಡ್ ಎಂಬ ಶುಶ್ರೂಷಾ ಸಂಶೋಧಕಿ ಎಂಬುದನ್ನು ನಾವು ಗಮನಿಸಬೇಕು. 3,283 ರೋಗಿಗಳಲ್ಲಿ ಕಡ್ಡಾಯವಾಗಿ ಬದಲಿಸಿದ ಗುಂಪಿನಲ್ಲೂ, ಅಗತ್ಯ ಬಿದ್ದಾಗ ಮಾತ್ರ ಬದಲಿಸಿದ ಗುಂಪಿನಲ್ಲೂ ರಕ್ತನಾಳದ ಉರಿಯೂತ ಶೇ. 7ರಷ್ಟೇ ಇತ್ತು. 2019ರಲ್ಲಿ ಪರಿಷ್ಕರಿಸಿದ ಕಾಕ್ರೇನ್ ಪರಾಮರ್ಶೆ 9 ಪ್ರಯೋಗಗಳ 7,412 ರೋಗಿಗಳನ್ನು ಒಟ್ಟಾಗಿ ನೋಡಿ, ಉರಿಯೂತದಲ್ಲಾಗಲಿ ರಕ್ತದ ಸೋಂಕಿನಲ್ಲಾಗಲಿ ಎರಡು ಪದ್ಧತಿಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣುತ್ತಿಲ್ಲ ಎಂದಿತು.

ಶೇಕಡಾವಾರುಗಳನ್ನು ಓದುವಾಗ ಎಚ್ಚರ ಬೇಕು. ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ (ಶಿಶುವನ್ನು ಎದೆಗೆ ಮೈತಾಗಿಸಿ ಇಟ್ಟುಕೊಳ್ಳುವುದು) ಆರಂಭಿಸುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯ ಮತ್ತು ತಾಂಜಾನಿಯಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಮೊದಲ 28 ದಿನಗಳಲ್ಲಿ ಸಾವು ಶೇ. 25ರಷ್ಟು ಕಡಿಮೆಯಾಯಿತು ಎಂದು ಸುದ್ದಿಯಾಯಿತು. ಮೂಲ ಅಂಕಿಗಳು ಹೋಲಿಕೆಯ ಗುಂಪಿನಲ್ಲಿ ಶೇ. 15.7, ಕೂಡಲೇ ಆರೈಕೆ ಪಡೆದ ಗುಂಪಿನಲ್ಲಿ ಶೇ. 12.0. ಅಂದರೆ ನೂರು ಶಿಶುಗಳಿಗೆ ಈ ಆರೈಕೆ ಕೊಟ್ಟರೆ ಸುಮಾರು ನಾಲ್ಕು ಸಾವುಗಳು ತಪ್ಪುತ್ತವೆ. ಎರಡು ಹೇಳಿಕೆಗಳೂ ಸರಿಯೇ, ಆದರೆ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಎರಡನೆಯದು ಹೆಚ್ಚು ತಿಳಿಸುತ್ತದೆ. ಮೂಲದಲ್ಲಿ ಸಾವಿನ ಪ್ರಮಾಣ ಕಡಿಮೆಯಿರುವ ಕಡೆ ಅದೇ ಶೇ. 25ರ ಇಳಿಕೆಯಿಂದ ಉಳಿಯುವ ಜೀವಗಳ ಸಂಖ್ಯೆಯೂ ಕಡಿಮೆಯಿರುತ್ತದೆ. ಹಾಗೆಯೇ, ಸಣ್ಣ ಅಧ್ಯಯನವೊಂದು ವ್ಯತ್ಯಾಸ ಕಾಣಲಿಲ್ಲ ಎಂದರೆ ಅದು ವ್ಯತ್ಯಾಸವೇ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಇದ್ದ ವ್ಯತ್ಯಾಸವನ್ನು ಹಿಡಿಯುವಷ್ಟು ರೋಗಿಗಳು ಅದರಲ್ಲಿ ಇಲ್ಲದೆ ಇದ್ದಿರಬಹುದು.

ಹಂತ 4: ಷರತ್ತನ್ನು ಗುರುತಿಸಿ, ನಮ್ಮಲ್ಲಿದೆಯೇ ನೋಡಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ಆದುದರಿಂದ ಇಲ್ಲಿ ಅವಸರ ಮಾಡಬಾರದು.

ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಾವೆಲ್ಲ ಕಲಿತಿದ್ದೇವೆ. ಅಮೆರಿಕ ಮತ್ತು ಕೆನಡಾದ ನರ್ಸಿಂಗ್ ಹೋಂಗಳಲ್ಲಿ (ಅಲ್ಲಿ ಇವು ವೃದ್ಧರ ಆರೈಕೆಯ ಮನೆಗಳು) 942 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 2, 3 ಅಥವಾ 4 ಗಂಟೆಗೊಮ್ಮೆ ಬದಲಿಸಿದರೂ ಒತ್ತಡದ ಹುಣ್ಣುಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವ ವಾರ್ಡಿಗೆ ಇದು ಬಹಳ ಆಕರ್ಷಕವಾದ ಸುದ್ದಿ. ಆದರೆ ಆ ಎಲ್ಲ ರೋಗಿಗಳೂ ಮಲಗಿದ್ದುದು ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಗಳ ಮೇಲೆ. ನಡು ಕುಸಿದ ಹಳೆಯ ಹಾಸಿಗೆ, ಮಳೆಗಾಲದಲ್ಲಿ ಪೂರ್ತಿ ಒಣಗದ ಹೊದಿಕೆ ಇರುವ ಕಡೆ ಆ ನಾಲ್ಕು ಗಂಟೆಯನ್ನು ತರುವಂತಿಲ್ಲ. ಹಾಸಿಗೆ ಬರುವವರೆಗೆ ಎರಡು ಗಂಟೆಯೇ ಇರಲಿ. ಬೇಕಾದರೆ ಈ ಪ್ರಯೋಗವನ್ನು ಮುಂದಿಟ್ಟು ಹೊಸ ಹಾಸಿಗೆಗೆ ಬೇಡಿಕೆ ಸಲ್ಲಿಸಬಹುದು.

ಹೊಕ್ಕುಳಬಳ್ಳಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಹಚ್ಚುವ ವಿಷಯವೂ ಇಂಥದೇ. ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ನಡೆದ ಪ್ರಯೋಗಗಳು ಪ್ರಯೋಜನವನ್ನು ತೋರಿಸಿದವು. ಜಾಂಬಿಯ ಮತ್ತು ತಾಂಜಾನಿಯದ ಪೆಂಬಾ ದ್ವೀಪದ ಪ್ರಯೋಗಗಳಲ್ಲಿ ಸಾವು ತಪ್ಪಿಸುವ ಪ್ರಯೋಜನ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಶಿಶುಮರಣ ಹೆಚ್ಚಿರುವ ಕಡೆ ಮನೆಯಲ್ಲಾಗುವ ಹೆರಿಗೆಗಳಿಗೆ ಇದನ್ನು ಹೇಳಿತ್ತು. 2022ರಲ್ಲಿ ಅದನ್ನೂ ಬಿಗಿಗೊಳಿಸಿ, ಬಳ್ಳಿಗೆ ಸಗಣಿಯಂತಹ ಹಾನಿಕರ ಪದಾರ್ಥ ಹಚ್ಚುವ ರೂಢಿಯಿರುವ ಕಡೆ ಮಾತ್ರ ಎಂದಿತು. ಉಳಿದೆಡೆ ಬಳ್ಳಿಯನ್ನು ಶುಚಿಯಾಗಿ, ಒಣಗಿದಂತೆ ಇಡುವುದೇ ಸರಿ. ಬಾಣಂತಿ ಮನೆಗೆ ಹೊರಡುವ ಮುನ್ನ, ಮನೆಯಲ್ಲಿ ಹಿರಿಯರು ಹೊಕ್ಕುಳಿಗೆ ಏನಾದರೂ ಹಚ್ಚುತ್ತಾರೆಯೇ ಎಂದು ಒಂದು ಮಾತು ಕೇಳಿದರೆ, ಆ ಷರತ್ತು ನಮ್ಮ ಊರಿನಲ್ಲಿ ಇದೆಯೋ ಇಲ್ಲವೋ ಎಂಬುದು ನಮಗೇ ತಿಳಿಯುತ್ತದೆ.

ಕಾಂಗರೂ ಆರೈಕೆಯಲ್ಲಿ ಷರತ್ತು ಇನ್ನೂ ದೊಡ್ಡದು. ಮೇಲೆ ಹೇಳಿದ ಪ್ರಯೋಗದಲ್ಲಿ ಶಿಶುವಿನ ತೀವ್ರ ನಿಗಾ ಘಟಕದೊಳಗೇ ತಾಯಿಗೂ ಹಾಸಿಗೆ ಇತ್ತು, ಮತ್ತು ಶಿಶು ಮೈಗೆ ಮೈ ತಾಗಿಕೊಂಡು ಇದ್ದ ಸಮಯ ದಿನಕ್ಕೆ ಸುಮಾರು 17 ಗಂಟೆ. ಹೋಲಿಕೆಯ ಗುಂಪಿನಲ್ಲಿ ಅದು ಒಂದೂವರೆ ಗಂಟೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾಡಿಸಿ ರಿಜಿಸ್ಟರಿನಲ್ಲಿ ಬರೆದರೆ ನಾವು ಪ್ರಯೋಗದ ಗುಂಪಿನಲ್ಲಲ್ಲ, ಹೋಲಿಕೆಯ ಗುಂಪಿನಲ್ಲೇ ಇದ್ದೇವೆ ಎಂದರ್ಥ. ಆಷಾಢದ ಚಳಿಯಲ್ಲಿ ಮಡಿಕೇರಿಯಂತಹ ಊರಿನಲ್ಲಿ ಕಡಿಮೆ ತೂಕದ ಶಿಶುವಿನ ಮೈ ಬಹುಬೇಗ ತಣ್ಣಗಾಗುತ್ತದೆ, ಆದ್ದರಿಂದ ನಮಗೆ ಈ ಆರೈಕೆ ಬೇಕೇ ಬೇಕು. ಅದಕ್ಕೆ ಬೇಕಾದ ಗಂಟೆಗಳನ್ನು ಒದಗಿಸುವುದು ಹೇಗೆ ಎಂಬುದೇ ಪ್ರಶ್ನೆ. ಸಿಸೇರಿಯನ್ ಆದ ತಾಯಿಗೆ ಮೊದಲ ದಿನ ಸಾಧ್ಯವಾಗದಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ತಂದೆಯೋ ಶಿಶುವನ್ನು ಎದೆಗವಚಿಕೊಳ್ಳಬಹುದು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು ಬಂದ ತಾಯಿ ಬೇಗ ಮನೆಗೆ ಹೋಗಲು ಬಯಸುವುದು ಸಹಜ. ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂಬ ಮಾತನ್ನು ಆಶಾ ಕಾರ್ಯಕರ್ತೆಯ ಜತೆ ಮೊದಲ ದಿನವೇ ಆಡಬೇಕು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ವ್ಯವಸ್ಥೆಯೊಳಗೇ ಈ ಆರೈಕೆಯನ್ನು ವ್ಯಾಪಕವಾಗಿ ಜಾರಿಗೆ ತಂದ ಅನುಭವ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಾಖಲಾಗಿದೆ. ವಿದೇಶದ ಪ್ರಯೋಗಕ್ಕಿಂತ ಇಂತಹ ವರದಿ ನಮಗೆ ಹೆಚ್ಚು ಹತ್ತಿರ.

ಷರತ್ತಿನ ಪ್ರಶ್ನೆ ಔಷಧಗಳಿಗೂ ಅನ್ವಯಿಸುತ್ತದೆ. ದೇಶದಲ್ಲಿ ಸಿಗುವ ಹಾವಿನ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಕಾಫಿ, ಏಲಕ್ಕಿ ತೋಟಗಳಲ್ಲಿ ಗುಳಿಮಂಡಲಗಳೂ ಇವೆ, ಕಾಳಿಂಗವೂ ಇದೆ. ಅವು ಆ ಪಟ್ಟಿಯಲ್ಲಿ ಇಲ್ಲ. ಮೈದಾನದ ಆಸ್ಪತ್ರೆಯೊಂದರಿಂದ ಬಂದ ಚಿಕಿತ್ಸಾ ಫಲಿತಾಂಶಗಳನ್ನು ಓದುವಾಗ ಇದನ್ನು ನೆನಪಿಡಬೇಕು ಮತ್ತು ರೋಗಿಯ ಕಡೆಯವರು ಹಾವಿನ ಬಗ್ಗೆ ಹೇಳುವ ವಿವರವನ್ನು ಕೇಸ್ ಶೀಟಿನಲ್ಲಿ ಬರೆದಿಡಬೇಕು.

ಈಗ ಕ್ಯಾನುಲಾಕ್ಕೆ ಮರಳೋಣ. ಆಸ್ಟ್ರೇಲಿಯದ ಪ್ರಯೋಗ ನಿರಾಳವಾದ ಉತ್ತರ ಕೊಟ್ಟಿತ್ತು. ಆದರೆ ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ, ಕಡ್ಡಾಯ ಬದಲಾವಣೆಯನ್ನು ಕೈಬಿಟ್ಟ ಅವಧಿಯಲ್ಲಿ ಕ್ಯಾನುಲಾದಿಂದ ಬರುವ ರಕ್ತದ ಸೋಂಕು ಹೆಚ್ಚಿತೆಂದೂ, ಹಳೆಯ ಪದ್ಧತಿಗೆ ಮರಳಿದಾಗ ಇಳಿಯಿತೆಂದೂ ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ದಾಖಲೆಯನ್ನು ಆಧರಿಸಿದ ಅಧ್ಯಯನವೊಂದು 2021ರಲ್ಲಿ ವರದಿ ಮಾಡಿತು. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಆದರೂ ಇದನ್ನು ಬದಿಗೆ ಸರಿಸುವಂತಿಲ್ಲ. ರಕ್ತದ ಸೋಂಕು ಬಹಳ ಅಪರೂಪದ ಘಟನೆ. ಕೆಲವು ಸಾವಿರ ರೋಗಿಗಳ ಪ್ರಯೋಗದಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಎರಡನ್ನೂ ಜತೆಗಿಟ್ಟು ಓದಿದಾಗ ನನಗೆ ಕಾಣುವ ಷರತ್ತು ಇದು: ಅಗತ್ಯ ಬಿದ್ದಾಗ ಬದಲಿಸುತ್ತೇವೆ ಎನ್ನುವವರು ಅಗತ್ಯ ಬಿದ್ದಿದೆಯೇ ಎಂದು ಪ್ರತಿ ಪಾಳಿಯಲ್ಲೂ ನೋಡಲೇಬೇಕು, ಮತ್ತು ಬೇಡವಾದ ಕ್ಯಾನುಲಾವನ್ನು ಅಂದೇ ತೆಗೆಯಬೇಕು. ನೋಡುವವರಿಲ್ಲದ ವಾರ್ಡಿಗೆ ಮೂರು ದಿನದ ನಿಯಮವೇ ಕ್ಷೇಮ. ಇನ್ನೊಂದು ಮಾತೂ ಉಂಟು. ಕುಟ್ಟದಿಂದಲೋ ಭಾಗಮಂಡಲದಿಂದಲೋ ಬರುವ ಆಂಬ್ಯುಲೆನ್ಸಿನಲ್ಲಿ ತುರ್ತಾಗಿ ಹಾಕಿದ ಕ್ಯಾನುಲಾ ಪೂರ್ತಿ ಶುಚಿಯಾಗಿ ಹಾಕಿದ್ದೆಂಬ ಖಾತರಿ ಇರುವುದಿಲ್ಲ. ಅಂತಹುದನ್ನು ಆದಷ್ಟು ಬೇಗ, 48 ಗಂಟೆಯೊಳಗೆ ಬದಲಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಹೇಳುತ್ತದೆ.

ಹಂತ 5: ಒಪ್ಪಿಗೆ ಪಡೆಯಿರಿ

ಸಂಶೋಧನೆಯನ್ನು ಬಳಸಲು ಇರುವ ಅಡ್ಡಿಗಳೇನೆಂದು ಅಳೆಯಲು ಅಮೆರಿಕದ ಸಾಂಡ್ರಾ ಫಂಕ್ ಮತ್ತು ಸಂಗಡಿಗರು 1991ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಅದನ್ನು ಬಳಸಿದ ಅನೇಕ ದೇಶಗಳ ಶುಶ್ರೂಷಕಿಯರು ಮತ್ತೆ ಮತ್ತೆ ಹೇಳಿದ್ದು ಎರಡು ಮಾತು: ಸಮಯವಿಲ್ಲ, ಪದ್ಧತಿ ಬದಲಿಸುವ ಅಧಿಕಾರ ನಮಗಿಲ್ಲ. ನಮ್ಮ ಜಿಲ್ಲೆಯಲ್ಲಿ ಕೇಳಿದರೂ ಬಹುಶಃ ಇದೇ ಉತ್ತರ ಬಂದೀತು. ಅಧಿಕಾರ ಇಲ್ಲದಿದ್ದರೂ ಪ್ರಸ್ತಾಪ ಮಾಡುವ ಹಕ್ಕು ಇದೆ. ಒಂದು ಪುಟದಲ್ಲಿ ಪ್ರಶ್ನೆ, ದೊರೆತ ಆಧಾರ, ಅದರ ಷರತ್ತು, ಎಷ್ಟು ರೋಗಿಗಳಲ್ಲಿ ಎಷ್ಟು ದಿನ ಪ್ರಯತ್ನಿಸುತ್ತೇವೆ, ತೊಂದರೆ ಕಂಡರೆ ಯಾವಾಗ ನಿಲ್ಲಿಸುತ್ತೇವೆ ಎಂಬುದನ್ನು ಬರೆದು, ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರಿಂಟೆಂಡೆಂಟ್, ಘಟಕದ ವೈದ್ಯರು ಮತ್ತು ಸೋಂಕು ನಿಯಂತ್ರಣ ಸಮಿತಿಗೆ ಕೊಡಿ. ನಿಲ್ಲಿಸುವ ಷರತ್ತನ್ನು ಮೊದಲೇ ಬರೆದ ಪ್ರಸ್ತಾವಕ್ಕೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ಫಲಿತಾಂಶವನ್ನು ಮುಂದೆ ಪ್ರಕಟಿಸುವ ಆಲೋಚನೆ ಇದ್ದರೆ ಸಂಸ್ಥೆಯ ನೈತಿಕ ಸಮಿತಿಯನ್ನು ಆರಂಭಕ್ಕೆ ಮುಂಚೆಯೇ ಕೇಳಬೇಕು, ಮುಗಿದ ಮೇಲಲ್ಲ.

ಹಂತ 6: ಸಣ್ಣದಾಗಿ ಆರಂಭಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಮತ್ತು ದೆಹಲಿಯ ಏಮ್ಸ್ ಸೇರಿ ಆಸ್ಪತ್ರೆಗಳಿಗಾಗಿ ರೂಪಿಸಿದ ಗುಣಮಟ್ಟ ಸುಧಾರಣೆಯ ಕೈಪಿಡಿಯಲ್ಲಿ ನಾಲ್ಕೇ ಹೆಜ್ಜೆಗಳಿವೆ: ಸಮಸ್ಯೆ ಗುರುತಿಸಿ ತಂಡ ಕಟ್ಟುವುದು, ಕಾರಣ ಹುಡುಕಿ ಅಳೆಯುವುದು, ಬದಲಾವಣೆಯನ್ನು ಪರೀಕ್ಷಿಸುವುದು, ಅದನ್ನು ಉಳಿಸಿಕೊಳ್ಳುವುದು. ಪರೀಕ್ಷಿಸುವಾಗ ಇಡೀ ಆಸ್ಪತ್ರೆಯನ್ನು ಹಿಡಿದುಕೊಳ್ಳಬೇಡಿ. ಒಂದು ವಾರ್ಡ್, ಒಂದು ಪಾಳಿ, ಮೊದಲ ದಿನ ಒಬ್ಬಿಬ್ಬರು ರೋಗಿಗಳು ಸಾಕು.

ಕ್ಯಾನುಲಾದ ವಿಷಯದಲ್ಲಿ ಮೊದಲು ಬರಬೇಕಾದುದು ಹೊಸ ನಿಯಮವಲ್ಲ, ನೋಡುವ ಅಭ್ಯಾಸ. ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಪ್ರಕಟಿಸಿದ 0ಯಿಂದ 5ರವರೆಗಿನ ಅಂಕಪಟ್ಟಿ ಇದಕ್ಕೆ ಹೊಂದುತ್ತದೆ: ಜಾಗ ಆರೋಗ್ಯಕರವಾಗಿದ್ದರೆ 0, ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು ಇದ್ದರೆ 1 (ಗಮನಿಸುತ್ತಿರಬೇಕು); ನೋವು, ಕೆಂಪು, ಊತಗಳಲ್ಲಿ ಎರಡು ಕಂಡರೆ 2 (ಕ್ಯಾನುಲಾ ತೆಗೆಯಬೇಕು). ಕ್ಯಾನುಲಾ ಹಾಕಿದ ದಿನಾಂಕವನ್ನು ಅಂಟುಪಟ್ಟಿಯ ಮೇಲೆ ಬರೆದು, ಪಾಳಿ ಬದಲಾಗುವಾಗ ಇಬ್ಬರೂ ಒಟ್ಟಿಗೆ ನೋಡಿ ಅಂಕವನ್ನು ದಾಖಲಿಸಲಿ. ಇದು ಸರಿಯಾಗಿ ನೆಲೆಯೂರಿದ ಮೇಲಷ್ಟೇ ಮೂರು ದಿನದ ನಿಯಮವನ್ನು ಸಡಿಲಿಸಬೇಕು. ಮಳೆಗಾಲದ ತೇವದಲ್ಲಿ ಅಂಟುಪಟ್ಟಿ ಬೇಗ ಸಡಿಲವಾಗುವುದರಿಂದ ಪಟ್ಟಿಯ ಸ್ಥಿತಿಗೂ ಒಂದು ಕಾಲಂ ಇರಲಿ.

ರೋಗಿಯನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು. ನಮ್ಮ ವಾರ್ಡುಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಜೇನುಕುರುಬ ಭಾಷೆಗಳ ಜತೆಗೆ ತೋಟಗಳಿಗೆ ಬಂದ ಅಸ್ಸಾಮಿನ ಕಾರ್ಮಿಕರ ಭಾಷೆಯೂ ಕೇಳಿಸುತ್ತದೆ. ನೋವನ್ನು ಹತ್ತರಲ್ಲಿ ಎಷ್ಟೆಂದು ಹೇಳಿ ಎಂಬ ಪ್ರಶ್ನೆ ಎಲ್ಲರಿಗೂ ಅರ್ಥವಾಗದು. ಕೈ ಉರಿದರೆ, ಸೆಳೆದರೆ, ಊದಿದರೆ ಕೂಡಲೇ ಹೇಳಿ ಎಂಬ ಒಂದು ವಾಕ್ಯವನ್ನು ಆಯಾ ಭಾಷೆ ಬಲ್ಲ ಸಹೋದ್ಯೋಗಿಯಿಂದ ಹೇಳಿಸಿ ಎಲ್ಲರೂ ಕಲಿತಿಟ್ಟುಕೊಂಡರೆ, ಕಾವಲಿಗೆ ಇನ್ನೊಬ್ಬರು ಸೇರಿದಂತಾಗುತ್ತದೆ.

ಹಂತ 7: ಅಳೆಯಿರಿ, ಆದರೆ ಮಳೆಗಾಲವನ್ನು ಬೇಸಿಗೆಗೆ ಹೋಲಿಸಬೇಡಿ

ಸುಧಾರಣೆಯ ವರದಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಜುಲೈ ತಿಂಗಳ ಅಂಕಿಯನ್ನು ಮೊದಲು ಎಂದೂ, ಫೆಬ್ರವರಿಯ ಅಂಕಿಯನ್ನು ಅನಂತರ ಎಂದೂ ಇಟ್ಟು ಹೋಲಿಸಿದರೆ ಕೊಡಗಿನಲ್ಲಿ ಆ ಹೋಲಿಕೆಗೆ ಬೆಲೆಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಗೆ ರಕ್ತನಾಳಗಳು ಕುಗ್ಗಿರುತ್ತವೆ, ಅಂಟುಪಟ್ಟಿ ನಿಲ್ಲುವುದಿಲ್ಲ, ರಸ್ತೆ ಕುಸಿದರೆ ರೋಗಿಗಳು ತಡವಾಗಿ ಬರುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲ. ದಿನಗೂಲಿ ಬಿಡಲಾಗದೆ ಕಾರ್ಮಿಕರು ಬೇಗ ಮನೆಗೆ ಹೋಗುತ್ತಾರೆ, ಕ್ಯಾನುಲಾ ಒಳಗಿರುವ ದಿನಗಳೇ ಕಡಿಮೆಯಾಗುತ್ತವೆ. ನಮ್ಮ ಬದಲಾವಣೆಯಿಂದಲ್ಲ, ಋತುವಿನಿಂದಲೇ ಅಂಕಿ ಇಳಿದಿರಬಹುದು. ಒಂದು ವರ್ಷದ ಜುಲೈಯನ್ನು ಮುಂದಿನ ವರ್ಷದ ಜುಲೈಗೆ ಹೋಲಿಸಿ, ಇಲ್ಲವೇ ಅದೇ ಕಾಲದಲ್ಲಿ ಪದ್ಧತಿ ಬದಲಿಸದ ಪಕ್ಕದ ವಾರ್ಡಿಗೆ ಹೋಲಿಸಿ.

ಅಂಕಿಯನ್ನು ನೂರು ರೋಗಿಗಳಿಗೆ ಇಷ್ಟು ಎನ್ನುವುದಕ್ಕಿಂತ ಸಾವಿರ ಕ್ಯಾನುಲಾ ದಿನಗಳಿಗೆ ಇಷ್ಟು ಎಂದು ಲೆಕ್ಕ ಹಾಕುವುದು ನ್ಯಾಯವಾದುದು. ಪ್ರತಿದಿನ ಬೆಳಿಗ್ಗೆ ಹ್ಯಾಂಡ್‌ಓವರ್ ವೇಳೆಗೆ ವಾರ್ಡಿನಲ್ಲಿ ಎಷ್ಟು ಕ್ಯಾನುಲಾಗಳಿವೆ ಎಂದು ಎಣಿಸಿ ಬರೆದರೆ ತಿಂಗಳ ಕೊನೆಗೆ ಆ ದಿನಗಳ ಮೊತ್ತ ಸಿಗುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಉರಿಯೂತದ ಪ್ರಕರಣಗಳೇ ಬೆರಳೆಣಿಕೆಯಷ್ಟಿರುವುದರಿಂದ, ಪ್ರತಿ ಪಾಳಿಯಲ್ಲೂ ಅಂಕ ದಾಖಲಾದ ಕ್ಯಾನುಲಾಗಳು ಶೇಕಡ ಎಷ್ಟು ಎಂಬುದನ್ನು ವಾರವಾರ ಅಳೆಯುವುದು ಹೆಚ್ಚು ಉಪಯುಕ್ತ. ವಾರದ ಅಂಕಿಗಳನ್ನು ಚೌಕುಳಿ ಕಾಗದದಲ್ಲಿ ಗುರುತಿಸಿ, ನಡುಬೆಲೆಯ (ಮೀಡಿಯನ್) ಗೆರೆ ಎಳೆಯಿರಿ. ಸತತ ಆರು ಅಥವಾ ಹೆಚ್ಚು ಬಿಂದುಗಳು ಗೆರೆಯ ಒಂದೇ ಬದಿಯಲ್ಲಿ ಬಿದ್ದರೆ ಅದು ಆಕಸ್ಮಿಕವಲ್ಲ, ನಿಜವಾದ ಬದಲಾವಣೆ ಎಂದು ತಿಳಿಯಬಹುದು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಜ್ವರ ಬಂದವರು, ಕೀವಾದವರು ಯಾರಾದರೂ ಇದ್ದಾರೆಯೇ ಎಂಬುದನ್ನು ಮಾತ್ರ ಬೇರೆಯಾಗಿ, ಒಂದನ್ನೂ ಬಿಡದೆ ದಾಖಲಿಸಬೇಕು. ಜಿನೀವಾದ ಅನುಭವ ನೆನಪಿರಲಿ.

ಬಿಡಬೇಕಾದುದನ್ನು ಬಿಡುವುದೂ ಈ ಕೆಲಸದ ಭಾಗವೇ. ಮೂಗಿನ ನಳಿಕೆ ಜಠರದಲ್ಲಿದೆಯೇ ಎಂದು ತಿಳಿಯಲು ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಕೇಳುವ ಪದ್ಧತಿ ನಂಬಲರ್ಹವಲ್ಲ ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಜಠರದ ರಸವನ್ನು ಎಳೆದು ಪಿ.ಎಚ್. ಕಾಗದದಲ್ಲಿ 5.5 ಅಥವಾ ಕಡಿಮೆ ಇದೆಯೇ ನೋಡುವುದು, ಸಂದೇಹವಿದ್ದರೆ ಎಕ್ಸ್-ರೇ ತೆಗೆಸುವುದು ಸರಿಯಾದ ಕ್ರಮ. ಹೆರಿಗೆಗೆ ಮುನ್ನ ಎಲ್ಲರಿಗೂ ಜನನಾಂಗದ ಸುತ್ತಲಿನ ಕೂದಲು ಬೋಳಿಸುವುದು, ಎನಿಮಾ ಕೊಡುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳಿದೆ. ಇವನ್ನು ಕೈಬಿಟ್ಟರೆ ಸಮಯವೂ ಉಳಿಯುತ್ತದೆ, ಹೆಣ್ಣುಮಕ್ಕಳ ಮಾನವೂ ಉಳಿಯುತ್ತದೆ.

ಹಂತ 8: ಬೇರೆಯವರ ಸಂಶೋಧನೆಗೆ ನೆರವಾಗುವಾಗ

ಸಂಶೋಧಕರು ವಾರ್ಡಿಗೆ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಡಿ ಎಂದು ಸಿಸ್ಟರನ್ನು ಕೇಳುವುದುಂಟು. ಆಗ ಹಿಂಜರಿಯದೆ ನಿಯಮವನ್ನು ಎತ್ತಿ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ, ಓದಲು ಬಾರದವರ ಒಪ್ಪಿಗೆ ಪಡೆಯುವಾಗ ಅಧ್ಯಯನಕ್ಕೆ ಸಂಬಂಧಪಡದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಆರಂಭದಿಂದ ಕೊನೆಯವರೆಗೆ ಇರಬೇಕು. ಹಾಡಿಯ ಯಜಮಾನನೋ ತೋಟದ ಮೇಸ್ತ್ರಿಯೋ ಹೂಂ ಎಂದರೆ ಅದು ಯರವ ಅಥವಾ ಜೇನುಕುರುಬ ಮಹಿಳೆಯೊಬ್ಬಳ ಸ್ವಂತ ಒಪ್ಪಿಗೆಗೆ ಸಮವಾಗದು. ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯ ತಪಾಸಣೆಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭವಾದ ಬಳಿಕ ಬುಡಕಟ್ಟು ಸಮುದಾಯಗಳಿಂದ ರಕ್ತದ ಮಾದರಿ ಪಡೆಯುವುದು ಹೆಚ್ಚಿದೆ. ತಪಾಸಣೆಗೆ ಕೊಟ್ಟ ರಕ್ತವನ್ನು ಬೇರೊಂದು ಅಧ್ಯಯನಕ್ಕೆ ಬಳಸುವುದಾದರೆ ಅದನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಲ್ಲೆ ಎಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ನೋಡಿಕೊಳ್ಳುವುದು ವಾರ್ಡಿನಲ್ಲಿರುವ ನಮ್ಮ ಹೊಣೆ.

ಹಂತ 9: ಉಳಿಸಿ, ಹಂಚಿ

ಆರಂಭಿಸಿದವರಿಗೆ ವರ್ಗಾವಣೆಯಾದರೆ ಪದ್ಧತಿಯೂ ಅವರ ಹಿಂದೆಯೇ ಹೊರಟುಹೋಗುತ್ತದೆ. ಹೊಸ ಕ್ರಮವನ್ನು ಹ್ಯಾಂಡ್‌ಓವರ್ ಪುಸ್ತಕದ ಅಚ್ಚಾದ ನಮೂನೆಯಲ್ಲಿ ಸೇರಿಸಿ, ಹೊಸಬರ ತರಬೇತಿಯ ಪಟ್ಟಿಯಲ್ಲೂ ಸೇರಿಸಿ. ತಿಂಗಳಿಗೊಮ್ಮೆ ಅರ್ಧ ಗಂಟೆ, ಪಾಳಿ ಬದಲಾಗುವ ಹೊತ್ತಿಗೆ, ಒಂದೇ ಲೇಖನವನ್ನು ಒಟ್ಟಿಗೆ ಓದುವ ಕೂಟ ನಡೆಯಲಿ. ಒಬ್ಬರು ವಿಧಾನವನ್ನು ಹೇಳಲಿ, ಇನ್ನೊಬ್ಬರು ಷರತ್ತನ್ನು ಹುಡುಕಲಿ, ಕನ್ನಡದಲ್ಲಿಯೇ ಮಾತು ನಡೆಯಲಿ. ಪ್ರಯತ್ನ ಮುಗಿದಾಗ ಒಂದು ಪುಟದ ವರದಿ ಬರೆಯಿರಿ: ಪ್ರಶ್ನೆ, ಮಾಡಿದ ಬದಲಾವಣೆ, ಅಳತೆಯ ಅವಧಿ ಮತ್ತು ಋತು, ಅಂಕಿಗಳು, ಹೊಂದದೆ ಹೋದದ್ದು. ರೋಗಿಗಳ ಹೆಸರೂ ಗುರುತೂ ಅದರಲ್ಲಿ ಇರಬಾರದು. ಅದರ ಪ್ರತಿಯನ್ನು ಜಿಲ್ಲೆಯ ಉಳಿದ ತಾಲ್ಲೂಕು ಆಸ್ಪತ್ರೆಗಳ ನರ್ಸಿಂಗ್ ಸೂಪರಿಂಟೆಂಡೆಂಟರಿಗೂ ನರ್ಸಿಂಗ್ ಕಾಲೇಜುಗಳಿಗೂ ಕಳುಹಿಸಿ, ಅವರ ವಾರ್ಡಿನಲ್ಲಿ ಯಾವ ಷರತ್ತು ಬೇರೆಯಾಗಿದೆ ಎಂದು ಉತ್ತರ ಕೇಳಿ.